ಹೊರಗೆ ಕನ್ನಡಿ, ಒಳಗೆ ಒಸಡು

ಕೆಲಸದ ಕೋಣೆ, ಕಿಟಕಿ ಪಕ್ಕದ ಮೇಜು
ಹನ್ನೆರಡನೇ ತಾರೀಕು, ಮಂಗಳವಾರ

ಪ್ರೀತಿಯ ಅಕ್ಕಾ,

ಪ್ರೀತಿಯ ಅಂತ ಅಭ್ಯಾಸಬಲದಿಂದ ಬರೆದುಬಿಟ್ಟೆ, ಹೊಡೆದುಹಾಕಲು ಮನಸ್ಸಾಗಲಿಲ್ಲ. ಹೇಗಿದ್ದೀಯ? ಭಾವ ಹೇಗಿದ್ದಾರೆ? ಪುಡಿಯ ಧೂಳಿಗೆ ನಿನಗೆ ಬರುತ್ತಿದ್ದ ಕೆಮ್ಮು ಕಡಿಮೆಯಾಯಿತಾ? ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದೆ ಹಲ್ಲಿನ ಸೆಟ್ಟು ಉಜ್ಜುವ ಚಕ್ರದ ಮುಂದೆ ಕೂರಬೇಡ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಮ್ಮ ಚೆನ್ನಾಗಿಲ್ಲ. ಅವಳು ಫೋನಿನಲ್ಲಿ ನಿನಗೆ ಹೇಳುವುದೆಲ್ಲ ಸುಳ್ಳು, ಆ ಸುಳ್ಳಿಗೆ ಕಾರಣ ನೀನು.

ಎಂಟು ತಿಂಗಳ ಹಿಂದೆ ಬಂದು ಮೂರೇ ದಿನದಲ್ಲಿ ಅಮ್ಮನಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟು ಹೋದೆಯಲ್ಲ, ಆಗ ನಿನ್ನ ಕೈಗೆಲಸವನ್ನು ನಾನೂ ಬಾಯಿಬಿಟ್ಟುಕೊಂಡು ನೋಡಿದ್ದೆ. ಸ್ಯಾಂಡ್ ಪೇಪರಿನಲ್ಲಿ ಗೀರು ಹೋಗುವವರೆಗೆ ಉಜ್ಜಿ, ಹೊಳಪು ಕೊಡುವ ಪ್ಯೂಮಿಸ್ ಕಲ್ಲಿನ ಪುಡಿಯನ್ನು ನೀರಲ್ಲಿ ಕಲಸಿ, ತಿರುಗುವ ಒದ್ದೆ ಬಟ್ಟೆಯ ಚಕ್ರಕ್ಕೆ ಹಿಡಿದೆ. ಕಾದು ಸೊಟ್ಟಗಾಗದಂತೆ ಒಂದು ಕ್ಷಣವೂ ಒಂದೇ ಕಡೆ ನಿಲ್ಲಿಸಲಿಲ್ಲ. ಒಸಡಿನ ಬಣ್ಣದ ಆ ಗುಲಾಬಿ ಅಕ್ರಿಲಿಕ್ಕಿನಲ್ಲಿ ಕಿಟಕಿಯ ಸರಳು ಎಣಿಸಬಹುದಿತ್ತು. ಅಲ್ಲಿಗೇ ಕೈ ತೆಗೆಯಬಾರದಿತ್ತಾ? 'ಒಳಗೆ ಒರಟು ಕಣೇ, ಒಸಡಿಗೆ ಒತ್ತುತ್ತೆ' ಅಂತ ಅಮ್ಮ ಅಂದಿದ್ದೇ ತಡ, ಒಳಭಾಗವನ್ನೂ ಚಕ್ರಕ್ಕೆ ಕೊಟ್ಟುಬಿಟ್ಟೆ. ಒತ್ತುವ ಒಂದು ಚುಕ್ಕೆ ಹುಡುಕಿ ಕೆರೆಯುವುದು ಬಿಟ್ಟು ಇಡೀ ಒಳಮೈಗೆ ಹೊಳಪು! ಈ ಕೆಲಸ ಕಲಿಸಿದ ಅಪ್ಪ ಸಾಯುವವರೆಗೂ ನಮಗೆ ಹೇಳಿದ್ದು ಒಂದೇ ಪಾಠ: ಹೊರಗೆ ಕನ್ನಡಿ, ಒಳಗೆ ಒಸಡು. ಒಳಗಿನ ಪ್ರತಿ ಗೆರೆಯೂ ಬಾಯಿಯ ಅಚ್ಚು, ಅದನ್ನು ಸವೆಸಿದರೆ ಸೆಟ್ಟು ಹಿಡಿದು ನಿಲ್ಲುವುದಿಲ್ಲ. ನಾನು ಅದನ್ನೇ ನೆನಪಿಸಿದರೆ 'ಅಜ್ಜಿಗೆ ಕೆಮ್ಮು ಕಲಿಸಬೇಡ' ಅಂದೆ. ನಿನ್ನ ಹೊಳಪು ನೀನೇ ಇಟ್ಟುಕೋ ಅಂತ ನಾನೂ ಅಂದೆ. ಅವತ್ತಿನಿಂದ ನೀನು ನನ್ನ ಫೋನು ಎತ್ತುತ್ತಿಲ್ಲ.

ಈಗ ಕೇಳು. ಮೇಲಿನ ಸೆಟ್ಟು ಅವಳ ಬಾಯಲ್ಲಿ ನಿಲ್ಲುವುದೇ ಇಲ್ಲ. ಪಕ್ಕದ ಮನೆಯವರು ಬಂದಿದ್ದಾಗ ಏನಕ್ಕೋ ನಕ್ಕಳು, ಸೀದಾ ನೀರಿನ ಲೋಟಕ್ಕೆ ಬಿತ್ತು. ಅಂದಿನಿಂದ ನಗುವುದನ್ನೇ ಬಿಟ್ಟಿದ್ದಾಳೆ. ಮೆತ್ತಗೆ ಬೆಂದದ್ದು ನಾಲ್ಕು ತುತ್ತು, ಅಷ್ಟೇ ಊಟ. ಬಳೆ ಮೊಣಕೈವರೆಗೆ ಜಾರುತ್ತದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಮ್ಮ ಮನೆಯಲ್ಲಿ ಕಡಲೆಯೂ ಇದೆ, ಹಲ್ಲೂ ಇದೆ, ಅಗಿಯುವುದು ಮಾತ್ರ ಇಲ್ಲ. ಬೇರೆ ಮಾಡಿಕೊಡುತ್ತೇನೆ ಅಂದರೆ ಬಾಯಿಗೆ ಕೈ ಅಡ್ಡ ಇಡುತ್ತಾಳೆ. 'ದೊಡ್ಡೋಳು ಮಾಡಿದ್ದು, ನಂಗೆ ಸರಿಯಾಗೇ ಇದೆ. ಅವಳಿಗೆ ಹೇಳ್ಬೇಡ, ನೊಂದ್ಕೋತಾಳೆ.' ಹೋದ ಭಾನುವಾರ ನಿನಗೆ 'ಒಂದು ಚೂರೂ ಅಲ್ಲಾಡಲ್ಲ ಕಣೇ' ಅಂದಳಲ್ಲ, ಆಗ ಸೆಟ್ಟು ಅವಳ ಇನ್ನೊಂದು ಕೈಯಲ್ಲಿತ್ತು. ಮಾತು ತೊದಲಿದ್ದಕ್ಕೆ ಲೈನ್ ಸರಿಯಿಲ್ಲ ಅಂದೆಯಂತೆ. ಲೈನ್ ಸರಿಯಾಗೇ ಇತ್ತು.

ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಪಕ್ಕದಲ್ಲೇ ಇರುವ ಹೆಗ್ಗಣ ನಾನೂ ಒಬ್ಬಳಿದ್ದೇನಲ್ಲ! ಊರವರ ಬಾಯಿಗೆಲ್ಲ ಹಲ್ಲು ಕೂರಿಸುವ ನನಗೆ ಹೆತ್ತವಳ ಬಾಯಿ ಮುಟ್ಟಲು ಅಪ್ಪಣೆ ಇಲ್ಲ. ಸಿಟ್ಟು ಬರುತ್ತದೆ ಅಕ್ಕಾ, ನಿನ್ನ ಮೇಲೆ, ಅವಳ ಮೇಲೆ, ಗೋಡೆಯಲ್ಲಿ ನಗುತ್ತಿರುವ ಅಪ್ಪನ ಫೋಟೋದ ಮೇಲೂ. ನಿನ್ನೆ ಅದೇ ಸಿಟ್ಟಿನಲ್ಲಿ ಯಾರದೋ ಸೆಟ್ಟನ್ನು ಚಕ್ರಕ್ಕೆ ಒತ್ತಿ ಹಿಡಿದು ಸುಟ್ಟು ಹಾಳು ಮಾಡಿದೆ. ಅದೂ ನಿನ್ನಿಂದಲೇ.

ಭಾವನಿಗೆ ನಮಸ್ಕಾರ ಹೇಳು. ನಿನಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಬಿಸಿನೀರು ಕುಡಿ, ಕೆಮ್ಮಿಗೆ ಒಳ್ಳೆಯದು.

ಫೋನು ಎತ್ತದಿದ್ದರೂ ನಿನ್ನ ತಂಗಿಯೇ ಆದ,
ಚಿಕ್ಕವಳು

ಮರೆತಿದ್ದೆ: ಹೋದ ವಾರ 'ಅಕ್ಕ ಹೊಸ ಅಚ್ಚು ಕೇಳಿದ್ದಾಳೆ' ಅಂತ ಅಮ್ಮನಿಗೆ ಸುಳ್ಳು ಹೇಳಿದೆ. ಮರುಮಾತಿಲ್ಲದೆ ಬಾಯಿ ತೆರೆದಳು. ಹೊಸ ಸೆಟ್ಟು ತಯಾರಾಗಿ ನೀರಿನ ಡಬ್ಬಿಯಲ್ಲಿದೆ. ಒಳಭಾಗ ಅಚ್ಚಿನಂತೆಯೇ ಇದೆ. ಹೊರಭಾಗ ಒರಟಾಗೇ ಬಿಟ್ಟಿದ್ದೇನೆ. ನಿನ್ನ ಹೊಳಪು ನನ್ನ ಕೈಗೆ ಬರುವುದಿಲ್ಲ, ಬಂದರೂ ನಿನ್ನ ಕೈ ಬೀಳದೆ ಅವಳು ಹಾಕಿಕೊಳ್ಳುವುದಿಲ್ಲ. ಈ ಭಾನುವಾರ ಫೋನ್ ಮಾಡಬೇಡ, ಬಾ. ಒಳಗೆ ಕೈ ಹಚ್ಚಿದರೆ ಜೋಕೆ.