ಪುಟದ ಬುಡದಲ್ಲಿ ಒಂದು ಹೆಸರು

ನವೆಂಬರ್ ೧೦, ಸೋಮವಾರ

ನಾವು ಕಟ್ಟಿದ ವೆಬ್‌ಸೈಟುಗಳ ಮೇಲೆ ನಮ್ಮ ಹೆಸರಿಲ್ಲ. ಕೆಲಸ ಹಂಚುವ ಕಚೇರಿ ತನ್ನ ಹೆಸರು ಹಾಕಿಕೊಳ್ಳುತ್ತದೆ. ಇದು ಕಳ್ಳತನ. ಬೇರೆ ಪದ ಹುಡುಕುವ ಅಗತ್ಯವಿಲ್ಲ.

ಇವತ್ತೂ ಅದೇ. ಯಾವುದೋ ಊರಿನ ಒಡವೆ ಅಂಗಡಿಯ ಸೈಟು. ಫೋನಿನಲ್ಲಿ ತೆರೆದರೆ ಮೆನು ಮುಚ್ಚಿಕೊಳ್ಳುತ್ತಿರಲಿಲ್ಲ. ಬೆಳಿಗ್ಗೆಯಿಂದ ಅದರ ಹಿಂದೆ ಬಿದ್ದು ಸರಿ ಮಾಡಿದೆ. ಪುಟದ ಬುಡದಲ್ಲಿ ಸಣ್ಣ ಅಕ್ಷರ — ವಿನ್ಯಾಸ ಮತ್ತು ನಿರ್ಮಾಣ: ಆ ಕಚೇರಿ. ಆ ಕಚೇರಿಯನ್ನು ನಾನು ಕಣ್ಣಿಂದ ನೋಡಿಲ್ಲ. ಕೆಲಸ ಬರುವುದು, ಹೋಗುವುದು ಎಲ್ಲಾ ಅವರು ಕೊಟ್ಟ ಲಾಗಿನ್‌ನಲ್ಲೇ. ನಾವು ಮಾಡಿದ್ದನ್ನು ನಾವು ಮಾಡಿದ್ದು ಎಂದು ಹೊರಗೆ ಹೇಳಬಾರದು. ಹೇಳಿದರೆ ಲಾಗಿನ್ ಬಂದ್. ಸೇರುವಾಗಲೇ ಒಪ್ಪಿಸಿಕೊಂಡಿದ್ದಾರೆ.

ಆದರೆ ಕೋಡ್ ಒಳಗೆ ಒಂದು ಕಡೆ ಯಾರೋ ಮುಂದಿನವರಿಗಾಗಿ ಬರೆದಿಟ್ಟಿದ್ದಾರೆ — "ಇದನ್ನ ಮುಟ್ಟಡಿ, ಎಲ್ಲಾ ಬಿದ್ದೋಗ್ತು." ಒಬ್ಬಳೇ ಕೂತು ನಕ್ಕೆ. ಮುಟ್ಟಬೇಡಿ ಅನ್ನಲು ಮುಟ್ಟಡಿ — ನಮ್ಮ ಶಿರಸಿ ಕಡೆಯ ಅಡಿಕೆ ತೋಟದ ಮನೆಯವರ ಮಾತು. ಅಂದರೆ ಈ ಮನುಷ್ಯ ಇಲ್ಲೇ, ಬಸ್ ಹಿಡಿದು ಹೋಗುವಷ್ಟು ದೂರದಲ್ಲಿದ್ದಾರೆ. ಹುಲೇಕಲ್‌ನ ಸುಮಂತನಿಗೆ ಫೋನ್ ಮಾಡಿದೆ. ಇವನೂ ವೆಬ್ ಕೆಲಸದವನೇ, ಊರೆಲ್ಲಾ ಪರಿಚಯ. "ಅದು ಮಂಚಿಕೇರಿ ಪ್ರತಿಭಾ ಇರ್ಬೇಕು" ಅಂದ.

ಇಷ್ಟು ಕಾಲ ಒಂದೇ ಫೈಲಿನಲ್ಲಿ ಕೈಯಾಡಿಸುತ್ತಿದ್ದೇವೆ. ಮುಖ ನೋಡಿಲ್ಲ.

ನಿರ್ಧಾರ ಆಯಿತು. ಡಿಸೆಂಬರ್ ೧೪, ಭಾನುವಾರ, ಶಿರಸಿ. ಮೂರು ತಾಲ್ಲೂಕಿನ ವೆಬ್ ಕೆಲಸದವರ ಸಮ್ಮೇಳನ. ಪ್ರತಿಯೊಬ್ಬರೂ ತಾವು ಕಟ್ಟಿದ್ದನ್ನು ಎಲ್ಲರೆದುರು ತೋರಿಸಬೇಕು.

ನವೆಂಬರ್ ೧೩

ಸುಮಂತನ ಜೊತೆ ಬಸ್ ಸ್ಟ್ಯಾಂಡ್ ಎದುರಿನ ಕ್ಯಾಂಟೀನಿನಲ್ಲಿ. ಸೊಸೈಟಿ ಹಾಲ್ ಸಿಕ್ಕಿತು. ಆದರೆ ಅವನಿಗೆ ಉದ್ಘಾಟಕರು ಬೇಕು. ದೀಪ ಬೇಕು. ಶಾಲು ಬೇಕು.

"ಶಾಲು ಯಾರಿಗೆ?"

"ಅಧ್ಯಕ್ಷರಿಗೆ ಮಾರಾಯ್ತಿ."

"ಅವರಿಗೆ ಒಂದು ಪುಟ ಕಟ್ಟಲಿಕ್ಕೆ ಬರ್ತದಾ?"

"ಶಾಲು ಹೊದ್ಕೊಳ್ಳೋಕೆ ಬರ್ತದೆ."

ನಗಲಿಲ್ಲ. ಬ್ಯಾಗಿನಲ್ಲಿದ್ದ ಕಿರುಹೊತ್ತಿಗೆ ತೆಗೆದು ಓದಿ ಹೇಳಿದೆ — ವೇದಿಕೆ ಎತ್ತರವಾದಷ್ಟೂ ಕೆಳಗೆ ಕೂತವರು ಕುಳ್ಳಗಾಗುತ್ತಾರೆ ಎಂದು ಅದರಲ್ಲಿದೆ. ಕೆಲಸಗಾರರು ಸಂಘಟಿತರಾಗುವುದರ ಬಗ್ಗೆ, ಪಿನ್ ಹೊಡೆದ ಹನ್ನೆರಡು ಪುಟದ ಪುಸ್ತಕ. ನನಗೆ ಡಿಗ್ರಿಗಿಂತ ಹೆಚ್ಚು ಕಲಿಸಿದೆ. ಸುಮಂತ ಬನ್ಸ್ ಮುರಿಯುತ್ತಾ ಕೇಳಿಸಿಕೊಂಡ. "ಆಯ್ತು, ನೆಲದ ಮೇಲೇ ಕೂರುವ" ಅಂದ. ಗೆದ್ದೆ.

ಸಂಜೆ ಸಮ್ಮೇಳನದ ವೆಬ್ ಪುಟ ಹೊರಬಿಟ್ಟೆ. ನನ್ನದೇ ವಾಕ್ಯಗಳು. "ಮುಖ್ಯ ಅತಿಥಿಗಳಿಲ್ಲ. ವೇದಿಕೆ ಇಲ್ಲ. ವಿಶೇಷ ಆಹ್ವಾನ ಯಾರಿಗೂ ಇಲ್ಲ. ಬಾಗಿಲು ಎಲ್ಲರಿಗೂ ಸಮಾನ." ಸಂಘಟಕರ ಹೆಸರೂ ಇಲ್ಲ. ನಾಯಕರು ಬೇಡ ಎಂದ ಮೇಲೆ ಬೇಡ.

ನವೆಂಬರ್ ೧೪

ಎಲ್ಲಾ ಗ್ರೂಪುಗಳಲ್ಲೂ ಲಿಂಕ್ ಹಾಕಿದೆ. ಹೆಬ್ಬೆಟ್ಟು, ಹೂವು, ಕೈ ಮುಗಿದದ್ದು... ಮಳೆ ಬಂದ ಹಾಗೆ.

ನವೆಂಬರ್ ೧೯

ನೋಂದಾಯಿಸಿದವರು — ನಾನು. ಸುಮಂತ. ಪುಟ ಕೆಲಸ ಮಾಡುತ್ತದೋ ಎಂದು ಪರೀಕ್ಷೆಗೆ ನಾನೇ ತುಂಬಿದ "ಅಆಇಈ".

ಕೂತಲ್ಲಿ ಕೂರಲಾಗುತ್ತಿಲ್ಲ. ಮತ್ತೆ ಮತ್ತೆ ಪುಟ ತೆರೆಯುವುದು, ಮುಚ್ಚುವುದು. ಸಿದ್ದಾಪುರದ ಸಂಜಯನಿಗೆ ಫೋನ್ ಮಾಡಿದೆ. ಹೋಮ್‌ಸ್ಟೇಗಳಿಗೆಲ್ಲಾ ಸೈಟು ಮಾಡಿಕೊಡುವವನು.

"ಬರ್ತಿದ್ದೆ ಗೀತಕ್ಕ. ಆದ್ರೆ ನೀವು ಕರೀಲೇ ಇಲ್ಲವಲ್ಲ."

"ಲಿಂಕ್ ಕಳಿಸಿದ್ದೆನಲ್ಲ?"

"ಲಿಂಕ್ ಬಂದಿತ್ತು. ವಿಶೇಷ ಆಹ್ವಾನ ಇಲ್ಲ ಅಂತ ಅದ್ರಲ್ಲೇ ಬರ್ದಿತ್ತು. ಬರಬೇಡ ಅನ್ನೋದನ್ನ ಇಷ್ಟು ನೀಟಾಗಿ ಹೇಳಿದ್ದು ನಾನು ಬೇರೆಲ್ಲೂ ನೋಡಿಲ್ಲ."

ಊಟಕ್ಕೆ ಕೂತಾಗ ಸಿಟ್ಟು ಅವ್ವನ ಮೇಲೆ ಹೋಯಿತು. ಅವ್ವ — ಸಾವಿತ್ರವ್ವ, ನಮ್ಮ ದಾಸನಕೊಪ್ಪದಲ್ಲಿ ಯಾರ ಮನೆಯ ಕಾರ್ಯವಿದ್ದರೂ ಕರೆಯಲು ಹೋಗುವ ಗುಂಪಿನಲ್ಲಿ ಇವಳಿರಬೇಕು.

"ಮನಿಗೆ ಹೋಗಿ ಕರದಿಯೇನ?"

"ಈಗ ಯಾರವ್ವಾ ಮನೆಗೆ ಹೋಗ್ತಾರೆ? ಎಲ್ಲಾ ಮೊಬೈಲ್."

"ಮೊಬೈಲ್‌ನ್ಯಾಗ ಕರದ್ರ ಮೊಬೈಲ್‌ನ್ಯಾಗ ಬರ್ತಾರ. ಬಂದಾರಲ್ಲ, ಕೈ ಮುಗದು."

ನವೆಂಬರ್ ೨೨, ಶನಿವಾರ

ಮನೆ ಮನೆಗೆ ಹೋಗಿ ಕರೆಯುವುದು ಜಮೀನ್ದಾರಿ ಪದ್ಧತಿ. ಕರೆದವನು ದೊಡ್ಡವನು, ಕರೆಸಿಕೊಂಡವನು ಇನ್ನೂ ದೊಡ್ಡವನು. ಇದನ್ನು ಬರೆದಿಟ್ಟು ಬಸ್ ಹತ್ತಿದೆ. ಬೇರೆ ದಾರಿ ಇಲ್ಲ.

ಅವ್ವ ಕುಂಕುಮದ ಭರಣಿ ಕೊಟ್ಟಳು. ಬೇಡ ಅಂದೆ. ವಾದ ಮಾಡದೆ ಒಳಗೆ ಹೋದಳು.

ಹುಲೇಕಲ್ ಕಡೆ ಎರಡು ಮನೆ, ಆಮೇಲೆ ಸಿದ್ದಾಪುರ. ಮೊದಲನೆಯ ಮನೆಯ ಜಗಲಿಯಲ್ಲಿ ನಿಂತು ಬಾಯಿಗೆ ಬಂದದ್ದನ್ನು ಹೇಳಿದೆ. "ಜಾವಾಸ್ಕ್ರಿಪ್ಟ್ ಸಮ್ಮೇಳನ ಇದೆ, ನಿಮ್ಮ ಮಗಳನ್ನು ಕಳಿಸಿ" ಅಂದೆ. ಆ ಅಮ್ಮ ಕೇಳಿದರು — "ಊಟ ಅಲ್ಲೇಯಾ?" ಅಲ್ಲೇ ಅಂದೆ. "ಹಂಗಾದ್ರೆ ಬರ್ತಾಳೆ." ಮಗಳು ಒಳಗಿಂದ ಫೋನ್ ಹಿಡಿದೇ ಬಂದಳು, ನನ್ನೆದುರೇ ಹೆಸರು ತುಂಬಿದಳು. ಲಿಂಕ್ ಅವಳ ಹತ್ತಿರ ಮೊದಲೇ ಇತ್ತು.

ಸಂಜಯ ಬಾಗಿಲಲ್ಲೇ ಕಾಯುತ್ತಿದ್ದ. "ಬನ್ನಿ ಬನ್ನಿ. ಬಾಗಿಲು ಎಲ್ಲರಿಗೂ ಸಮಾನ."

ಹೊಟ್ಟೆ ತುಂಬಾ ಕಷಾಯ. ಕಾಲು ನೋವು. ಆದರೆ ಹೆಸರುಗಳು ಬರುತ್ತಿವೆ.

ನವೆಂಬರ್ ೨೫

ಮಂಚಿಕೇರಿ. ಕಿರಾಣಿ ಅಂಗಡಿಯ ಮೇಲಿನ ಕೋಣೆ, ಮರದ ಏಣಿ. ಪ್ರತಿಭಾ ನನಗಿಂತ ಸ್ವಲ್ಪ ದೊಡ್ಡವಳು. ಅಂಗಡಿ ನೋಡಿಕೊಳ್ಳುವುದು ಅವಳ ಅಮ್ಮ.

ಲ್ಯಾಪ್‌ಟಾಪ್ ತೆಗೆಯುವಾಗ ಬ್ಯಾಗಿನಿಂದ ಭರಣಿ ಉರುಳಿತು. ಅವ್ವ ಯಾವಾಗ ಹಾಕಿದಳೋ. ನನ್ನ ಮುಖ ಕೆಂಪಾಗಿರಬೇಕು.

"ಓಹೋ, ಕರೆಯಕ್ಕೆ ಬಂದ ಕೂಸು" ಅಂದರು ಪ್ರತಿಭಾಳ ಅಮ್ಮ. ಭರಣಿ ಎತ್ತಿಕೊಂಡು ತಾವೇ ಮಗಳಿಗೆ ಹಚ್ಚಿದರು, ತಮಗೆ ಹಚ್ಚಿಕೊಂಡರು, ನನಗೂ ಹಚ್ಚಿದರು. "ಆಸ್ರಿಗೆ ಕುಡೀದೆ ಹೋಗಡ" — ಬಾಯಾರಿಕೆಗೆ ಬೆಲ್ಲ, ನೀರು ಬಂತು.

"ಮುಟ್ಟಡಿ ಅಂತ ಬರೆದದ್ದು ನೀವೇ ತಾನೆ?" ಅಂದೆ.

"ಅಯ್ಯೋ. ಅದನ್ನ ತೆಗೀಬೇಕು ಅಂತಿದ್ದೆ." ನಗು. "ನೀವು ಮುಟ್ಟಿದ್ರಾ?"

"ಮುಟ್ಟಿದೆ. ಬಿತ್ತು."

ಆಮೇಲೆ ಅವಳು ಕಟ್ಟಿದ ಬೀಜದ ಮಳಿಗೆಯ ಸೈಟು ತೋರಿಸಿದಳು. ಸಿಗ್ನಲ್ ಸತ್ತರೂ ಪುಟ ಸಾಯುವುದಿಲ್ಲ. ಆರ್ಡರ್ ಹಿಡಿದುಕೊಂಡು ಕಾಯುತ್ತದೆ. ನನಗೆ ಮೈ ಜುಮ್ ಅಂದಿತು. ಬುಡದಲ್ಲಿ ಮಾತ್ರ ಅದೇ ಕಚೇರಿಯ ಹೆಸರು.

ಮದುವೆ ಮುರಿದು ವಾಪಸ್ ಬಂದವಳು. ಅಣ್ಣ ಪುಣೆಯಲ್ಲಿ, ಅಲ್ಲಿಗೇ ಬಂದಿರು ಅಂತ ಹಠವಂತೆ. "ಈ ಕೆಲಸ ಇದ್ದದ್ದಕ್ಕೆ ಇಲ್ಲಿ ಉಳ್ಕಂಡಿದ್ದೆ. ಇಲ್ದಿದ್ರೆ ಅತ್ತಿಗೆ ಅಡುಗೆಮನೇಲಿ ಇರ್ತಿದ್ದೆ."

"ಸಮ್ಮೇಳನದಲ್ಲಿ ಈ ಸೈಟು ತೋರಿಸಬೇಕು. ನಿಮ್ಮ ಹೆಸರಲ್ಲಿ."

"ಬರ್ತೆ. ಹೆಸರು ಎಂತಕ್ಕೆ, ಆವಾಗ ನೋಡುವ."

ಸಂಕೋಚದವಳು.

ನವೆಂಬರ್ ೨೬

ಪೋಸ್ಟರ್ ಮಾಡಿದೆ. ಬೀಜದ ಮಳಿಗೆಯ ಪುಟದ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ — "ಇದನ್ನು ಕಟ್ಟಿದವರು ಪ್ರತಿಭಾ, ಮಂಚಿಕೇರಿ. ಬನ್ನಿ, ಕೇಳಿ." ಮೂರು ತಾಲ್ಲೂಕಿನಲ್ಲಿ ಹೀಗೆ ಒಂದು ಹೆಸರು ಬಂದದ್ದು ಇದೇ ಮೊದಲಿರಬೇಕು.

ಸುಮಂತ: "ಅವಳನ್ನ ಕೇಳಿದ್ಯಾ?"

ಕೇಳಲು ಏನಿದೆ? ಹೆಸರು ಅವಳದು. ಸೈಟು ಅವಳದು. ಸತ್ಯಕ್ಕೆ ಯಾರ ಅನುಮತಿ?

ಹಂಚಿದ್ದೇ ಹಂಚಿದ್ದು. ಯಲ್ಲಾಪುರದ ಕಾಲೇಜು ಗ್ರೂಪು, ಬನವಾಸಿ, ಯಾವ್ಯಾವುದೋ ಊರು. ನೋಂದಣಿ ಏರುತ್ತಿದೆ. ಮನೆಯಲ್ಲಿ ಆಚೆ ಈಚೆ ತಿರುಗುತ್ತಿದ್ದೇನೆ, ಖುಷಿಗೆ.

ನವೆಂಬರ್ ೨೯

ಪ್ರತಿಭಾಳ ಲಾಗಿನ್ ಬಂದ್.

ಸುಮಂತ ಹೇಳಿದ. ಪೋಸ್ಟರ್ ಯಾರ್ಯಾರದೋ ಕೈದಾಟಿ ಕಚೇರಿಯವರಿಗೆ ತಲುಪಿದೆ. ಅರ್ಧ ಮಾಡಿದ ಕೆಲಸವೆಲ್ಲಾ ಬೇರೆಯವರಿಗೆ.

ನನ್ನ ಲಾಗಿನ್ ಹಾಗೇ ಇದೆ. ಬೆಳಿಗ್ಗೆ ಹೊಸ ಕೆಲಸವೂ ಬಂತು. ಸಮ್ಮೇಳನದ ಪುಟದಲ್ಲಿ ನನ್ನ ಹೆಸರು ಎಲ್ಲೂ ಇಲ್ಲವಲ್ಲ. ತತ್ವ.

ಡಿಸೆಂಬರ್ ೩

ಪುಟದಿಂದ ಪೋಸ್ಟರ್ ತೆಗೆದೆ. ಫೋನುಗಳಿಂದ ತೆಗೆಯುವುದು ಹೇಗೆ? ಇವತ್ತೂ ಒಬ್ಬರು ನನಗೇ ಕಳಿಸಿದರು. "ನೋಡಿ, ನಮ್ಮ ಕಡೆಯ ಹುಡುಗಿ."

ಪ್ರತಿಭಾ ಫೋನ್ ಎತ್ತುವುದಿಲ್ಲ. ಉದ್ದದ ಮೆಸೇಜು ಬರೆದೆ. ಎರಡು ನೀಲಿ ಗೀಟು. ಅಷ್ಟೇ.

ಕಿರುಹೊತ್ತಿಗೆಗಳನ್ನೆಲ್ಲಾ ಹರಡಿಕೊಂಡು ಕೂತೆ. ಕಚೇರಿಯ ವಿರುದ್ಧ ಏನು ಮಾಡಬೇಕೆಂದು ಬೇಕಾದಷ್ಟಿದೆ. ನನ್ನ ಕಡೆಯ ಒಬ್ಬಳಿಗೆ ನಾನೇ ಹೀಗೆ ಮಾಡಿದರೆ ಏನು ಮಾಡಬೇಕೆಂದು ಒಂದರಲ್ಲೂ ಇಲ್ಲ. ಅವಳ ಪುಟದ ಬುಡದಲ್ಲಿ ಕೇಳದೆ ತಮ್ಮ ಹೆಸರು ಹಾಕಿದರು ಅವರು. ಕೇಳದೆ ಅವಳ ಹೆಸರು ಹಾಕಿದೆ ನಾನು. ವ್ಯತ್ಯಾಸ ಇದೆ. ಇದೆ... ಅವಳಿಗೆ ಹೋಗಿ ವಿವರಿಸುವಷ್ಟು ಇಲ್ಲ.

ಸುಮಂತ: "ಎಲ್ಲಾ ಬಿಟ್ಟು ಆನ್‌ಲೈನ್ ಮಾಡಿ ಮುಗಿಸುವ ಮಾರಾಯ್ತಿ. ಕ್ಯಾಮೆರಾ ಆಫ್ ಇಟ್ಕೊಂಡು ಯಾರೂ ಬರಬಹುದು."

ಬೇಡ ಅಂದೆ.

ಡಿಸೆಂಬರ್ ೬, ಶನಿವಾರ

ಸಮ್ಮೇಳನದ ಪುಟದ ಬುಡದಲ್ಲಿ ನನ್ನ ಹೆಸರು ಹಾಕಿದೆ. ಗೀತಾ, ದಾಸನಕೊಪ್ಪ. ಒಡವೆ ಅಂಗಡಿಯ ಸೈಟು ನನ್ನ ಕೆಲಸ ಎಂದೂ ಬರೆದೆ. ಕಚೇರಿಯವರಿಗೆ ಲಿಂಕ್ ನಾನೇ ಕಳಿಸಿದೆ.

ಮಧ್ಯಾಹ್ನದೊಳಗೆ ಲಾಗಿನ್ ಹೋಯಿತು. ಕೆಲಸ ಇಲ್ಲದ ಮಧ್ಯಾಹ್ನ ಎಷ್ಟು ಉದ್ದ ಎಂದು ತಿಳಿದಿರಲಿಲ್ಲ. ಬಟ್ಟೆ ಒಗೆದೆ. ಒಗೆದದ್ದನ್ನೇ ಮತ್ತೆ ಹಿಂಡಿದೆ.

ಸಂಜಯನ ಫೋನ್: "ಗೀತಕ್ಕ, ಬ್ಯಾನರ್ ಬದಲಾಯಿಸ್ಬೇಕಾ? ಕೆಲಸ ಕಳ್ಕೊಂಡವರ ಸಮ್ಮೇಳನ ಅಂತ?" ಆಮೇಲೆ ದನಿ ತಗ್ಗಿಸಿ, "ಊಟ ಆಯ್ತಾ?" ಅಂದ.

ಅವ್ವ: "ಆ ಹುಡುಗಿ ಮನಿಗೆ ಹೋಗಿದ್ದಿಯೇನ?"

"ಮೆಸೇಜ್ ಮಾಡಿದ್ದೀನಿ."

"ಕರಿಯಾಕ ಹೋಗಾಕ ಕಾಲು ಇದ್ವು. ತಪ್ಪಾತು ಅನ್ನಾಕ ಹೋಗಾಕ ಇಲ್ಲೇನ?"

ಡಿಸೆಂಬರ್ ೯

ಮಂಚಿಕೇರಿ. ಅಂಗಡಿಯಲ್ಲಿ ಅಮ್ಮ. ಈ ಸಲವೂ ಬೆಲ್ಲ, ನೀರು. ನಗು ಇರಲಿಲ್ಲ. ನಾನು ಬಂದದ್ದನ್ನು ಮೇಲಕ್ಕೆ ಕೂಗಿ ಹೇಳಿದರು — "ಕೂಸೇ, ಆ ಗೀತಾ ಬಂಜು."

"ಆನು ಇಲ್ಲೆ ಹೇಳು" — ಮೇಲಿನಿಂದ ಪ್ರತಿಭಾ.

ಅಮ್ಮ ನನ್ನನ್ನು ನೋಡಿದರು. "ಇಲ್ಲೆಡ" ಅಂದರು — ಇಲ್ಲವಂತೆ — ಮುಖ ಗಂಭೀರ ಮಾಡಿ. ಅಕ್ಕಿ ಚೀಲದ ಮೇಲೆ ಕೂತೆ. ಗಿರಾಕಿಗಳು ಬಂದರು, ಹೋದರು. ಒಬ್ಬರಿಗೆ ಸೋಪು ನಾನೇ ತೆಗೆದುಕೊಟ್ಟೆ. ಕೊನೆಗೆ ಏಣಿಯಲ್ಲಿ ಕಾಲಸಪ್ಪಳ.

"ತಪ್ಪಾಯ್ತು. ಕೇಳದೆ ಹಾಕಿದೆ" ಅಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳು ಬೇರೆ ಇದ್ದವು.

"ನಿನ್ನದೂ ಕೆಲಸ ಹೋಯ್ತಡ. ನೀನೇ ಕಳ್ಕಂಡದ್ದಡ." ಬಹುವಚನ ಬಿಟ್ಟಿದ್ದಳು. "ನಂಗೆ ಅದ್ರಿಂದ ಎಂತ ಬಂತು?"

"ಏನೂ ಇಲ್ಲ."

"ಗೊತ್ತಿದ್ದಲ, ಅಡ್ಡಿಲ್ಲೆ." ಅಂಗಡಿಯ ಹೊಸ್ತಿಲ ಮೇಲೆ ಕೂತಳು. "ಆವಾಗ ನೋಡುವ ಅಂದಿದ್ದೆ. ಯೋಚನೆ ಮಾಡ್ತಿದ್ದೆ. ಅಣ್ಣನಿಗೆ ಮೊದ್ಲೇ ಹೇಳಿ, ಬೇರೆ ಒಂದೆರಡು ಕಡೆ ಕೆಲಸ ನೋಡ್ಕಂಡು, ಆಮೇಲೆ ಎದ್ದು ನಿಂತು ಆನೇ ನನ್ನ ಬಾಯಿಂದ ಹೇಳವು ಅಂತ ಇತ್ತು. ಹೇಳೋದು ನನ್ನ ಆಸೆ, ಗೊತ್ತಾತಾ? ಅದನ್ನ ನೀನು ಪೋಸ್ಟರ್ ಮಾಡಿ ಖರ್ಚು ಮಾಡ್ದೆ."

ಅವಳ ಅಣ್ಣ ತಿಂಗಳ ಕೊನೆಗೆ ಪುಣೆಗೆ ಕರೆದುಕೊಂಡು ಹೋಗಲು ಬರುತ್ತಾನಂತೆ.

"ಬರ್ತೀಯಾ ಅಂತ ಕೇಳಲ್ಲ" ಅಂದೆ.

"ಕೇಳಡ. ಅಲ್ಲಿ ಯಾರ್ಯಾರು ಬರ್ತ?"

ಹೇಳಿದೆ. ಹುಲೇಕಲ್‌ನವರು, ಸಿದ್ದಾಪುರದವರು, ಸಂಜಯ. ಒಬ್ಬೊಬ್ಬರೂ ಏನು ಕಟ್ಟುತ್ತಾರೆ ಎಂದು ಕೇಳಿದಳು. ಯಾರು ನೇರ ಗಿರಾಕಿಗಳಿಂದ ಕೆಲಸ ಹಿಡಿಯುತ್ತಾರೆ ಎಂದು ಎರಡು ಸಲ ಕೇಳಿದಳು. ಸಂಜಯನ ಹತ್ತಿರ ಮಾಡಿ ಮುಗಿಯದಷ್ಟು ಕೆಲಸ ಇದೆ ಅಂದಾಗ ಅಮ್ಮನ ಕಡೆ ನೋಡಿದಳು. ಅಮ್ಮ ತಕ್ಕಡಿ ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು.

"ಹಾಲ್ ಬಾಗಿಲು ತೆಗೆಯೋ ಮುಂಚೆ ಆ ಸಂಜಯನ ಹತ್ರ ಮಾತಾಡವು. ಕರಕಂಡು ಬಾ. ಆಮೇಲೆ ಒಳಗೆ ಬರ್ತ್ನಾ ಇಲ್ಯಾ, ಎಂತ ಹೇಳ್ತೆ, ಎಲ್ಲಾ ನನ್ನ ತಲೆಬಿಸಿ. ನಿಂದಲ್ಲ."

"ನನ್ನದಲ್ಲ."

"ಮತ್ತೆ, ಪೋಸ್ಟರ್ ಮಾಡಡ."

ಡಿಸೆಂಬರ್ ೧೩, ಶನಿವಾರ

ಹಾಲ್‌ನಲ್ಲಿ ಜಮಖಾನೆ ಹಾಸಿ ಬಂದೆವು. ಪ್ರೊಜೆಕ್ಟರ್ ಸುಮಂತನ ಜವಾಬ್ದಾರಿ. ಕೆಲಸ ತೋರಿಸುವ ಬೆಳಗಿನ ಮೊದಲ ಸರದಿಗೆ ಯಾರ ಹೆಸರೂ ಹಾಕಿಲ್ಲ. ಖಾಲಿ ಬಿಟ್ಟಿದ್ದೇವೆ. "ಖಾಲಿಯೇ ಉಳಿದ್ರೆ?" ಅಂದ ಸುಮಂತ. ಉಳಿದರೆ ಉಳಿಯುತ್ತದೆ.

ಹಾಲ್ ತೆರೆಯುವ ಮೊದಲೇ ಬಂದು ಪ್ರತಿಭಾಳ ಜೊತೆ ಮಾತಾಡಲು ಸಂಜಯನನ್ನು ಕರೆದೆ. ಫೋನಿನಲ್ಲಲ್ಲ, ಸಿದ್ದಾಪುರಕ್ಕೆ ಹೋಗಿ. "ಇದಕ್ಕೂ ಕುಂಕುಮ ಇಲ್ವಾ?" ಅಂದ. ಬ್ಯಾಗಿನಿಂದ ಭರಣಿ ತೆಗೆದು ತೋರಿಸಿದೆ. ಬರುತ್ತಾನೆ.

ಪ್ರತಿಭಾಳಿಗೆ ಏನೂ ಕಳಿಸಲಿಲ್ಲ. ಬೆರಳು ಹಲವು ಸಲ ಫೋನಿನ ಮೇಲೆ ಹೋಯಿತು. ಈಗ ಅವಳದೇ ಬಂತು, ಒಂದೇ ಸಾಲು —

ನಾಳೆ, ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಶಿರಸಿ ಬಸ್ ಸ್ಟ್ಯಾಂಡ್, ಯಲ್ಲಾಪುರ ಬಸ್ಸು ನಿಲ್ಲುವಲ್ಲಿ.