ಫೈನಲ್ ದಿನ ಪ್ರ್ಯಾಕ್ಟೀಸ್ ಬ್ಯಾಡ

ಜಯತೀರ್ಥಾ,

ಚಿತ್ತಾಪುರದ ಗಾಡಿಗೆ ಹೊತ್ತಾತು, ನಾ ಸಾಲಿಗೆ ಹೊಂಟೆ. ದ್ವಾದಶಿ ಅಡಿಗಿ ಮುಚ್ಚಿಟ್ಟೀನಿ, ಎದ್ದ ಕೂಡ್ಲೆ ಉಣ್ಣು.

ನಿನ್ನಿ ಏಕಾದಶಿ ಉಪವಾಸದಾಗ ಕೋರ್ಟಿನ್ಯಾಗ ನನ್ನ ಕಡಿಂದ ಮೂರು ಬಕೆಟ್ ಟೆನಿಸ್ ಚೆಂಡು ಒಗಿಸ್ಕೊಂಡು ಹೊಡದಿ. ಒಗೆದಿದ್ದು ನನ್ನ ತಪ್ಪು. ಮ್ಯಾಚಿನ್ಯಾಗಾದ್ರ ಪಾಯಿಂಟಿಗೊಮ್ಮೆ ನಿಂತು ಬೆವರು ಒರಸ್ಕೋತಿ, ನಡುವ ಕುಂತು ನೀರು ಕುಡೀತಿ. ಪ್ರ್ಯಾಕ್ಟೀಸಿನ್ಯಾಗ ನಾ ಒಂದರ ಹಿಂದೊಂದು ಒಗೀತೀನಿ, ನೀ ಆ ಮೂಲಿಯಿಂದ ಈ ಮೂಲಿಗೆ ಓಡ್ತಿ; ಉಸಿರಾಡಲಿಕ್ಕೂ ಪುರಸತ್ತಿಲ್ಲ.

ಹೋದ ವರ್ಷ ಟೆನಿಸ್ ಫೈನಲ್ ದಿನ ಮುಂಜಾನಿ ಹಿಂಗೇ ಓಡಿ, ಸಂಜಿಗೆ ಗೆಲ್ಲೋ ಆಟದಾಗ ಕಾಲು ಹಿಡ್ಕೊಂಡು ಕುಂತಿ. ಎದುರಿಗಿದ್ದ ವಾಡಿ ಊರಿನ ಹುಡುಗ್ರು ನಕ್ಕಿದ್ದು ನಾ ಮರ್ತಿಲ್ಲ. ಇವತ್ತೂ ಅವರ ಜೋಡೀನೇ ಫೈನಲ್.

ಮಧ್ಯಾಹ್ನತನಕ ಸುಮ್ನ ಮಲಕ್ಕೋ. ನೀ ಸುಮ್ನಿರಂಗಿಲ್ಲ ಅಂತ ಗೊತ್ತದ. ಬೂಟು ಹುಡುಕಬ್ಯಾಡ, ನನ್ನ ಚೀಲದಾಗ ಅವ. ನಾಲ್ಕಕ್ಕ ಸೀದಾ ಕೋರ್ಟಿಗೇ ತರ್ತೀನಿ.

ಅಕ್ಕ