ರೌದಾ ತುಂಬಿಟ್ಟ ಜಾಡಿಗಳು

ಗಾಬೆಸ್
ಶನಿವಾರ, ೧೭ ಡಿಸೆಂಬರ್ ೧೯೯೪

ಪ್ರೀತಿಯ ತಂಗಿ ಜುಬೈದಾ,

ನಿನ್ನ ಮೊಣಕಾಲಿನ ನೋವು ಹೇಗಿದೆ? ಸೂಸ್‌ನ ಕಡಲಗಾಳಿ ಈ ತಿಂಗಳಲ್ಲಿ ನಿನಗೆ ಆಗಿಬರುವುದಿಲ್ಲ. ಮಲಗುವ ಮುನ್ನ ಬೆಚ್ಚಗಿನ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಾನು ಆರೋಗ್ಯವಾಗಿದ್ದೇನೆ. ಬೇಯಾಳ ನೆಗಡಿ ಇಳಿದಿದೆ. ಮುಂದಿನ ಹಲ್ಲೊಂದು ಅಲ್ಲಾಡತೊಡಗಿದೆ. ಅದನ್ನು ದಿನಕ್ಕೆ ಹತ್ತು ಸಲ ನನಗೆ ತೋರಿಸಿ, ಹತ್ತು ಸಲವೂ ನಾನು ಆಶ್ಚರ್ಯಪಡಬೇಕೆಂದು ಬಯಸುತ್ತಾಳೆ.

ನಾಳೆ ನಿನ್ನ ಮನೆಯಲ್ಲಿ ನಮ್ಮವರೆಲ್ಲ ಸೇರಿ ನನ್ನ ಮೊಮ್ಮಗಳು ಬೇಯಾ ಇನ್ನು ಯಾರ ಬಳಿ ಬೆಳೆಯಬೇಕೆಂದು ತೀರ್ಮಾನಿಸುವರೆಂದೂ, ಶುಕ್ರವಾರ ನಿನ್ನ ಮಗ ಅನೀಸ್ ಕಾರು ತರುವನೆಂದೂ ನೀನು ಫೋನಿನಲ್ಲಿ ತಿಳಿಸಿದೆ. ನಾನು ಬರುತ್ತಿಲ್ಲ, ನನ್ನ ಬದಲು ಈ ಪತ್ರ ಬರುತ್ತದೆ. ಇದನ್ನು ಎಲ್ಲರೆದುರು, ಊಟಕ್ಕೆ ಮೊದಲು, ಒಂದು ಸಾಲನ್ನೂ ಬಿಡದೆ ಓದಬೇಕು. ಊಟವಾದ ಮೇಲೆ ನಮ್ಮವರು ಏನನ್ನೂ ಕೇಳಿಸಿಕೊಳ್ಳುವುದಿಲ್ಲ.

ಸೇರಿರುವ ಬಂಧುಗಳೇ, ನಿಮಗೆ ನನ್ನ ಕೃತಜ್ಞತೆಗಳು. ಅಕ್ಟೋಬರ್ ತಿಂಗಳಲ್ಲಿ ನನ್ನ ಮಗಳು ರೌದಾ ಮೂರೇ ದಿನದ ಜ್ವರದಲ್ಲಿ ತೀರಿಕೊಂಡಾಗ ನೀವು ದೂರದಿಂದ ಬಂದಿರಿ, ಹೆಗಲು ಕೊಟ್ಟಿರಿ, ನಮ್ಮ ಒಲೆ ಹೊತ್ತದ ದಿನಗಳಲ್ಲಿ ನೆರೆಯವರ ಜೊತೆ ನೀವೂ ಊಟ ತಂದಿರಿ. ನಲವತ್ತನೆಯ ದಿನಕ್ಕೆ ಮತ್ತೆ ಬಂದಿರಿ. ಇದನ್ನು ನಾನು ಮರೆಯುವುದಿಲ್ಲ. ಆದರೆ ನಿಮ್ಮ ಕನಿಕರವನ್ನು ನಾನು ಸ್ವೀಕರಿಸಲಾರೆ. ಸತ್ತ ಮಗಳಿಗಾಗಿ ನೀವು ಅತ್ತದ್ದು ಅವಳಿಗೆ ಸಲ್ಲಬೇಕಾದದ್ದು, ಅದು ಸಂದಿದೆ. ಉಳಿದಿರುವ ನನಗಾಗಿ ‘ಪಾಪ, ಮುದುಕ’ ಎಂದು ತಲೆಯಾಡಿಸುವುದಕ್ಕೆ ಕಾರಣವಿಲ್ಲ. ಕನಿಕರ ಪಡುವವರು ಎರಡನೆಯ ವಾಕ್ಯದಲ್ಲೇ ಸಲಹೆಗೆ ಇಳಿಯುತ್ತಾರೆ, ಮೂರನೆಯದರಲ್ಲಿ ತೀರ್ಪು ಕೊಡುತ್ತಾರೆ. ನನ್ನ ವಿಷಯದಲ್ಲಿ ಆದದ್ದು ಇದೇ.

ಇನ್ನು ನಿನಗೆ, ಜುಬೈದಾ. ಟ್ಯೂನಿಸ್‌ನ ಕಾಲೇಜಿನಲ್ಲಿ ನಾನು ಚರ್ಚಾಕೂಟಗಳಲ್ಲಿ ಮಾತನಾಡುತ್ತಿದ್ದ ಕಾಲದಲ್ಲಿ, ರಜೆಗೆ ಬಂದಾಗ ನಿನ್ನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ ಎದುರಾಳಿಯ ಪಾತ್ರ ಕೊಡುತ್ತಿದ್ದೆ. ‘ಅಣ್ಣ, ನಂಗೆ ಹಿಟ್ಟು ಕಲಸೋದಿದೆ, ನೀನೇ ಎರಡೂ ಕಡೆ ಮಾತಾಡ್ಕೋ’ ಎನ್ನುತ್ತಿದ್ದೆ ನೀನು. ಇಂದು ಆ ಮಾತನ್ನೇ ಪಾಲಿಸುತ್ತೇನೆ: ಮೊದಲು ನಿನ್ನ ಪಕ್ಷವನ್ನು ನಿನಗಿಂತ ಚೆನ್ನಾಗಿ ಮಂಡಿಸುತ್ತೇನೆ. ಮಗುವಿನ ತಂದೆ ಲಸ್ಸಾದ್ ಸರಕು ಹಡಗಿನಲ್ಲಿ ವರ್ಷಕ್ಕೆ ಒಂಬತ್ತು ತಿಂಗಳು ನೀರಿನ ಮೇಲಿರುತ್ತಾನೆ. ‘ನೀವು ಹಿರಿಯರು ಹೇಳಿದ ಹಾಗೆ’ ಎಂದು ಬರೆದುಕೊಟ್ಟಿದ್ದಾನೆ. ನಿನ್ನ ಮನೆಯಲ್ಲಿ ಸೊಸೆ ಇದ್ದಾಳೆ, ಆಡಲು ಮಕ್ಕಳಿದ್ದಾರೆ, ಬೀದಿ ದಾಟಿದರೆ ಶಾಲೆಯಿದೆ. ನನ್ನ ಮನೆಯಲ್ಲಿ ಅರವತ್ತೊಂದು ವರ್ಷದ ನಿವೃತ್ತ ಮೇಷ್ಟ್ರೊಬ್ಬನಿದ್ದಾನೆ. ಹೆಂಡತಿ ಇದ್ದಾಗ ಹೆಂಡತಿ, ಆಮೇಲೆ ಮಗಳು ಬಡಿಸಿದ್ದನ್ನು ಉಂಡು, ಅಡುಗೆಮನೆಯ ಹೊಸ್ತಿಲನ್ನು ನೀರು ಕೇಳುವುದಕ್ಕಷ್ಟೇ ಮುಟ್ಟಿದವನು. ಇಷ್ಟೂ ನಿಜ.

ಈಗ ನನ್ನ ಪಕ್ಷ. ಇದರಲ್ಲಿ ವಾದ ಕಡಿಮೆ, ವರದಿ ಹೆಚ್ಚು.

ನಾವು ಬೆಳಗ್ಗೆ ಹುರಿಹಿಟ್ಟು ತಿನ್ನುತ್ತೇವೆ. ರೌದಾ ಬೇಸಿಗೆಯಲ್ಲಿ ಗೋಧಿ, ಕಡಲೆ, ಮೆಂತ್ಯ, ಸೋಂಪು ಹುರಿದು ಬೀಸಿಟ್ಟ ಆ ಹಿಟ್ಟಿಗೆ ಆಲಿವ್ ಎಣ್ಣೆ ಬೆರೆಸುವ ಕೆಲಸ ಬೇಯಾಳದು. ಎರಡು ಬಟ್ಟಲು ಹಿಟ್ಟು, ಒಂದು ಬಟ್ಟಲು ಎಣ್ಣೆ, ನಾಲ್ಕು ಖರ್ಜೂರ. ಬೀಜಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾಳೆ; ನಾವು ಲೆಕ್ಕ ಕಲಿತದ್ದು ಅದರಲ್ಲೇ. ಕಳೆದ ವಾರ ಅವಳಾಗಿಯೇ ‘ಅಜ್ಜ, ದಿನಾ ನಾಕು ನಾಕು ಅಂದ್ರೆ ಐದು ದಿನಕ್ಕೆ ಇಪ್ಪತ್ತು’ ಎಂದಳು. ನಾನು ನಲವತ್ತು ವರ್ಷ ತರಗತಿಯಲ್ಲಿ ನಿಂತವನು; ಇಷ್ಟು ಸಲೀಸಾಗಿ ಗುಣಾಕಾರ ಕಲಿತ ವಿದ್ಯಾರ್ಥಿಯನ್ನು ಕಂಡಿರಲಿಲ್ಲ.

ಊಟದ ತಟ್ಟೆಯಲ್ಲಿ ತೆಳ್ಳಗೆ ರವೆ ಹರಡಿ ಬೆರಳಿನಿಂದ ಅಕ್ಷರ ಬರೆಯುತ್ತಾಳೆ. ತಪ್ಪಾದರೆ ತಟ್ಟೆಯನ್ನು ಒಮ್ಮೆ ಕುಲುಕಿದರೆ ಸಾಕು. ಅಳಿಸಿದ ಗುರುತು ಉಳಿಯದ ಈ ಹಲಗೆ ನನ್ನ ಶಾಲೆಯಲ್ಲಿ ಇದ್ದಿದ್ದರೆ ಎಷ್ಟು ಹುಡುಗರ ಕಿವಿ ನನ್ನಿಂದ ಉಳಿಯುತ್ತಿತ್ತೋ. ಮೊಟ್ಟೆಯ ಖಾಲಿ ತಟ್ಟೆಯ ಗುಳಿಗಳಲ್ಲಿ ಕಡಲೆ, ಮಸೂರ, ಅವರೆಯನ್ನು ಬೇರೆ ಬೇರೆ ಹಾಕುತ್ತಾಳೆ. ಸಂಜೆ ಆ ಕಡಲೆಯೇ ನೆನೆಯಲು ಹೋಗುತ್ತದೆ. ಮರುದಿನ ಅದು ಜೀರಿಗೆ, ಬೆಳ್ಳುಳ್ಳಿಯೊಡನೆ ಬೇಯುವಷ್ಟರಲ್ಲಿ ಅವಳು ತಂಗಳು ರೊಟ್ಟಿಯನ್ನು ಎರಡು ಬಟ್ಟಲಿಗೆ ಹರಿದಿಟ್ಟಿರುತ್ತಾಳೆ. ಮೇಲೆ ಬಿಸಿ ಕಡಲೆ ಸಾರು, ನಿಂಬೆರಸ, ಒಡೆದ ಮೊಟ್ಟೆ. ಈ ಲಬ್ಲಾಬಿ ಬೀದಿಯಂಗಡಿಯ ತಿಂಡಿ, ಮನೆಯ ಊಟವಲ್ಲ ಎಂದು ನೀನು ಮೂಗು ಮುರಿಯುವೆ. ಡಿಸೆಂಬರಿನ ಮಧ್ಯಾಹ್ನ ಅದರ ಮುಂದೆ ಕುಳಿತು ಮಾತಾಡು, ಬೇಕಾದರೆ.

ವಾದ ಮಾಡುವುದನ್ನೂ ಕಲಿಸುತ್ತಿದ್ದೇನೆ. ‘ಬೇಡ’ ಎನ್ನುವ ಹಕ್ಕು ಅವಳಿಗುಂಟು, ಆದರೆ ಎರಡು ಕಾರಣ ಕೊಡಬೇಕು. ಮೊದಲ ದಿನ ಹಾಲು ಬೇಡವೆಂದಳು. ಕಾರಣ ಕೇಳಿದೆ. ‘ಒಂದು, ಅದು ಬಿಸಿ. ಎರಡು, ಅದು ಹಾಲು.’ ನಾನು ಸೋತೆ.

ಈಗ ಮದರಂಗಿಯ ವಿಷಯಕ್ಕೆ ಬರುತ್ತೇನೆ. ಓದುವಾಗ ಇಲ್ಲಿ ನಿನ್ನ ದನಿ ತಗ್ಗಿಸಬೇಡ.

ರೌದಾ ತೀರಿಕೊಂಡ ಮೂವತ್ತಾರನೆಯ ದಿನ ನೀನು ಫೋನು ಮಾಡಿ, ‘ಮಗೂಗೆ ಬರೀ ಮೊಟ್ಟೆ, ಬರೀ ಕಡಲೆ! ಒಂದಿನ ಮ್ಲೂಖಿಯಾ ಮಾಡಿ ಹಾಕೋ ಯೋಗ್ಯತೆ ಇದೆಯಾ ಆ ಮನೇಲಿ?’ ಎಂದೆ. ಇದೆ ಎಂದು ತೋರಿಸಲು ಹೊರಟೆ. ಉಗ್ರಾಣದ ಅರೆಯಲ್ಲಿ ರೌದಾ ವರ್ಷಕ್ಕಾಗುವಷ್ಟು ತುಂಬಿಟ್ಟ ಜಾಡಿಗಳಲ್ಲಿ ಹಸಿರು ಪುಡಿಯದೊಂದು ಇತ್ತು. ಮ್ಲೂಖಿಯಾ ಎಂದರೆ ಒಣಗಿಸಿ ಪುಡಿಮಾಡಿದ ಹಸಿರು ಸೊಪ್ಪು. ಅದನ್ನು ಎಣ್ಣೆಯಲ್ಲಿ ಕಲಸಿ, ಕುದಿನೀರು ಸುರಿದು, ಗಂಟೆಗಟ್ಟಲೆ ಮಂದ ಉರಿಯಲ್ಲಿಡಬೇಕು ಎಂಬಷ್ಟು ನನಗೆ ಗೊತ್ತಿತ್ತು. ಮಾಂಸ ತಂದೆ. ಮಗು ಸುಮ್ಮನೆ ಕೂರಬಾರದೆಂದು ಬಟ್ಟಲಿನಲ್ಲಿ ಅದೇ ಪುಡಿಗೆ ಬೆಚ್ಚಗಿನ ನೀರು ಹಾಕಿ, ಒಣಗಿದ್ದು ಒದ್ದೆಯಾಗುವ ಬಗೆಯನ್ನು ಕೈಯಿಂದಲೇ ಕಲಿಯಲೆಂದು ಕೊಟ್ಟೆ. ಉಂಡೆ ಕಟ್ಟಿದಳು, ಹಾವು ಹೊಸೆದಳು, ಅಂಗೈಗೆ ಮೆತ್ತಿಕೊಂಡು ಬಹಳ ಹೊತ್ತು ಮುಷ್ಟಿ ಬಿಗಿದು ಕುಳಿತಳು. ಅಷ್ಟು ಶಾಂತವಾಗಿ ಅವಳು ಎಂದೂ ಕುಳಿತಿರಲಿಲ್ಲ. ನನ್ನ ಬೋಧನಾಕ್ರಮ ಫಲಿಸಿತೆಂದು ಬೀಗಿದೆ.

ಎರಡು ಗಂಟೆಯ ನಂತರ ಪಾತ್ರೆಯಲ್ಲಿದ್ದದ್ದು ತುಕ್ಕಿನ ಬಣ್ಣದ ಕೆಸರು. ಪಕ್ಕದ ಮನೆಯ ಮಬ್ರೂಕಾ ರೊಟ್ಟಿ ಕೊಡಲು ಬಂದವಳು ಬಾಗಿಲಲ್ಲೇ ನಿಂತಳು. ‘ಅಯ್ಯೋ ತಯ್ಯಬ್ ಮೇಷ್ಟ್ರೇ, ಏನ್ರೀ ಇದು, ಮದರಂಗಿಗೆ ಕುರಿಮಾಂಸ ಹಾಕಿ ಬೇಯಿಸ್ತಿದ್ದೀರಲ್ಲ! ಯಾರ ಮದುವೆ?’ ಕೆಳಗೆ ನೋಡಿದೆ. ನನ್ನ ಹತ್ತು ಬೆರಳೂ ಕೆಂಪು. ಮಗುವಿನ ಎರಡು ಅಂಗೈಯೂ ಮದುವಣಗಿತ್ತಿಯ ಹಾಗೆ ಕೆಂಪು. ಮದರಂಗಿಯೂ ಮ್ಲೂಖಿಯಾವೂ ನಮ್ಮ ಗಾಬೆಸ್‌ನ ತೋಟಗಳಲ್ಲೇ ಬೆಳೆಯುತ್ತವೆ, ಒಂದೇ ಬಿಸಿಲಲ್ಲಿ ಒಣಗುತ್ತವೆ, ಒಂದೇ ಗಿರಣಿಯಲ್ಲಿ ಪುಡಿಯಾಗುತ್ತವೆ. ಹೆಸರು ಬರೆಯುವ ಅಗತ್ಯ ರೌದಾಳಿಗೆ ಇರಲಿಲ್ಲ. ಅವಳು ಮೂಸಿ ತಿಳಿಯುತ್ತಿದ್ದಳು.

ನಾಲ್ಕು ದಿನ ತಿಕ್ಕಿದರೂ ಬಣ್ಣ ಹೋಗಲಿಲ್ಲ. ನಲವತ್ತನೆಯ ದಿನ ನೀನು ಒಳಗೆ ಬಂದವಳೇ ಮಗುವಿನ ಕೈ ಹಿಡಿದು ಮೇಲೆತ್ತಿ, ‘ತಾಯಿ ಮಣ್ಣಾಗಿ ಇನ್ನೂ ನಲವತ್ತು ತುಂಬಿಲ್ಲ, ಮಗಳ ಕೈಗೆ ಮದರಂಗಿ! ಯಾರ ಸಂಭ್ರಮಕ್ಕೋ ಅಣ್ಣ?’ ಎಂದು ಎಲ್ಲರೆದುರು ಕೇಳಿದೆ. ಆಗ ನಾನು ಎದ್ದು ನಿಂತು ಏನು ಮಾಡಿದೆನೆಂದು ನಿಮಗೆಲ್ಲ ನೆನಪಿದೆ. ಐದು ವರ್ಷದ ಮಗುವಿಗೆ ಸೂತಕದ ಕಟ್ಟಳೆ ಹೊರಿಸುವುದು ನ್ಯಾಯವಲ್ಲವೆಂದೆ. ಶೋಕವು ಮನಸ್ಸಿನದು, ಚರ್ಮದ್ದಲ್ಲವೆಂದೆ. ನಾನು ಬೇಕೆಂದೇ, ಯೋಚಿಸಿಯೇ ಹಚ್ಚಿದೆನೆಂದೆ. ಮೂರು ಅಂಶ, ಪ್ರತಿಯೊಂದಕ್ಕೂ ಉದಾಹರಣೆ. ಒಂದಿಬ್ಬರು ತಲೆದೂಗಿದರು.

ಅದು ಸುಳ್ಳು. ನಾನು ಯೋಚಿಸಿ ಹಚ್ಚಲಿಲ್ಲ. ಊಟಕ್ಕೆಂದು ಬೇಯಿಸಿದೆ. ಪುಡಿ ಗುರುತಿಸಲಾರದವನೆಂದು ನಿಮ್ಮೆದುರು ಒಪ್ಪಿಕೊಳ್ಳುವುದಕ್ಕಿಂತ ಸೂತಕ ಮುರಿದವನೆನಿಸಿಕೊಳ್ಳುವುದು ನನಗೆ ಹಗುರವಾಗಿ ಕಂಡಿತು. ಪಕ್ಕದಲ್ಲಿ ಮಗು ನಿಂತಿತ್ತು, ನಡೆದದ್ದು ಅದಕ್ಕೆ ಗೊತ್ತಿತ್ತು. ಅವಳಿಗೆ ಕಾರಣ ಕೊಡುವುದನ್ನು ಕಲಿಸಿದವನು ನಾನು. ಸುಳ್ಳು ಕಾರಣವನ್ನು ಚೆನ್ನಾಗಿ ಕೊಡುವುದನ್ನೂ ಅಂದು ಕಲಿಸಿದೆ. ಈ ಪತ್ರ ಬರೆಯುತ್ತಿರುವುದು ಮೊದಲಿಗೆ ಇದಕ್ಕಾಗಿ. ನಿನ್ನ ಪಕ್ಷಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಸಿಗಲಾರದು. ನಾನೇ ಒಪ್ಪಿಸುತ್ತಿದ್ದೇನೆ, ಉಪಯೋಗಿಸಿಕೋ.

ನೀವೆಲ್ಲ ಹೊರಟ ಮೇಲೆ ಬೇಯಾಳೊಡನೆ ಕುಳಿತು ನಾನು ಹೇಳಿದ್ದು ನಿಜವಲ್ಲವೆಂದೆ. ಅವಳು, ‘ಅಜ್ಜ, ಅದು ಮದರಂಗಿ ಅಂತ ನಂಗೆ ಮೊದ್ಲೇ ಗೊತ್ತಿತ್ತು’ ಎಂದಳು. ಮತ್ತೆ ಹೇಳಲಿಲ್ಲವೇಕೆ? ‘ಎರಡು ಕಾರಣ. ಒಂದು, ನೀ ಕೇಳ್ಲಿಲ್ಲ. ಎರಡು, ಅಮ್ಮ ಈದ್‌ಗೆ ಹಚ್ತೀನಿ ಅಂದಿದ್ಲು.’ ಅವಳ ಕೈಯನ್ನು ಹಿಡಿದುಕೊಂಡೆ, ಜುಬೈದಾ. ಇದನ್ನು ಓದುವಾಗ ಯಾರೂ ಕಣ್ಣೊರೆಸಿಕೊಳ್ಳಬೇಕಾಗಿಲ್ಲ. ಮಗು ಆಗ ನಗುತ್ತಿತ್ತು.

ಮರುದಿನದಿಂದ ಅವಳನ್ನು ಕೇಳತೊಡಗಿದೆ. ಜಾಡಿಗಳನ್ನೆಲ್ಲ ನೆಲದ ಮೇಲಿಟ್ಟು ಒಂದೊಂದನ್ನೇ ತೆರೆದೆವು. ಅವಳು ಮೂಸಿ ಹೆಸರು ಹೇಳಿದಳು, ನಾನು ಕಾಗದದ ಚೀಟಿ ಅಂಟಿಸಿದೆ, ಚೀಟಿಯ ಮೇಲೆ ಅವಳು ಚಿತ್ರ ಬರೆದು ಕೆಳಗೆ ಮೊದಲ ಅಕ್ಷರ ಬರೆದಳು. ಹದಿನಾಲ್ಕು ಜಾಡಿಯಲ್ಲಿ ಹದಿಮೂರನ್ನು ಸರಿಯಾಗಿ ಹೇಳಿದಳು. ಒಣ ಪುದೀನವನ್ನು ಚಹಾ ಎಂದಳು, ಅದೂ ಅರ್ಧ ಸರಿಯೇ. ಕಳೆದ ಗುರುವಾರ ಮಬ್ರೂಕಾಳನ್ನು ಒಲೆಯ ಪಕ್ಕ ಕೂರಿಸಿಕೊಂಡು ನಿಜವಾದ ಮ್ಲೂಖಿಯಾ ಮಾಡಿದೆವು. ಆರು ಗಂಟೆ ಹಿಡಿಯಿತು. ಬೇಯಾ ಎರಡು ಸಲ ಹಾಕಿಸಿಕೊಂಡು ಉಂಡಳು. ಮಬ್ರೂಕಾ ಬೆರಳು ನೆಕ್ಕಿ, ‘ಉಪ್ಪು ಒಂಚೂರು ಕಮ್ಮಿ, ಆದ್ರೆ ಇದನ್ನ ಮ್ಲೂಖಿಯಾ ಅಂತ ಕರೀಬಹುದು’ ಎಂದಳು. ಕಾಲೇಜಿನ ಚರ್ಚೆಯಲ್ಲಿ ಗೆದ್ದ ಬೆಳ್ಳಿ ಬಟ್ಟಲು ಕೈಗೆ ಬಂದ ದಿನ ನಾನು ಇಷ್ಟು ಸಂತೋಷಪಟ್ಟ ನೆನಪಿಲ್ಲ.

ಆದರೆ ನಲವತ್ತನೆಯ ದಿನ ಹೊರಡುವಾಗ ಬಾಗಿಲಲ್ಲಿ ನಿಂತು ನೀನಾಡಿದ ಮಾತೊಂದು ನನ್ನನ್ನು ಬಿಟ್ಟಿಲ್ಲ. ‘ರೌದಾ ತುಂಬಿಟ್ಟ ಜಾಡಿ ಇರೋ ತನಕ ನಿನ್ನ ಸಂಸಾರ ನಡೀತದೆ ಅಣ್ಣ. ಅವು ಬರಿದಾದ ದಿನ ಮಗು ತಟ್ಟೆಗೆ ಏನ್ ಹಾಕ್ತೀಯ? ಭಾಷಣಾನಾ?’ ನನ್ನ ಇಡೀ ವಾದಜೀವನದಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಅಂದು ರಾತ್ರಿ ಹುರಿಹಿಟ್ಟಿನ ಜಾಡಿಯನ್ನು ಎತ್ತಿ ತೂಕ ನೋಡಿದೆ.

ನಿನ್ನ ಸೊಸೆಗೂ ಮಕ್ಕಳಿಗೂ ನನ್ನ ಆಶೀರ್ವಾದ. ಅನೀಸ್ ಕಾರನ್ನು ನಿಧಾನವಾಗಿ ಓಡಿಸಲಿ. ಸೇರಿರುವ ಎಲ್ಲರಿಗೂ ದೇವರು ಆರೋಗ್ಯ ಕೊಡಲಿ. ಊಟ ತಣ್ಣಗಾಗುವ ಮೊದಲೇ ಮುಗಿಸುತ್ತಿದ್ದೇನೆ.

ನಿನ್ನ ಅಣ್ಣ,
ತಯ್ಯಬ್

ಮರೆತ ಮಾತು: ಸೂಸ್‌ಗೆ ಹೋಗುವ ವ್ಯಾನಿನವನು ಬೀದಿಯಲ್ಲಿ ಹಾರ್ನ್ ಬಾರಿಸುತ್ತಿದ್ದಾನೆ, ಆದ್ದರಿಂದ ಚುಟುಕಾಗಿ. ಮುಂದಿನ ಸುಗ್ಗಿಯ ಗೋಧಿ ಎರಡು ಚೀಲ ನನ್ನ ಹೆಸರಿಗೆ ಎತ್ತಿಡಲು ನಿನ್ನೆ ಮಂಡಿಯಲ್ಲಿ ಹೇಳಿ ಬಂದೆ. ಜುಲೈ ಮೊದಲ ವಾರ ನಮ್ಮ ಅಂಗಳದಲ್ಲಿ ಗೋಧಿ ರವೆಯನ್ನು ಕಾಳುಕಾಳಾಗಿ ಉಜ್ಜಿ ವರ್ಷದ ಕುಸ್ಕುಸ್ ಮಾಡುವುದೆಂದು ಮಬ್ರೂಕಾಳಿಗೂ ಬೀದಿಯ ಹೆಂಗಸರಿಗೂ ತಿಳಿಸಿದ್ದೇನೆ. ಅವರ ಸಾಲಿನಲ್ಲಿ ನಾನೂ ಕೂರುತ್ತೇನೆ, ನಕ್ಕವರು ನಗಲಿ. ಹುರಿಹಿಟ್ಟನ್ನೂ ನಾನೇ ಹುರಿಯುತ್ತೇನೆ. ಯಾರನ್ನೂ ಕೇಳಿಲ್ಲ, ಲಸ್ಸಾದ್‌ಗೆ ಮಾತ್ರ ಬರೆದು ತಿಳಿಸಿದ್ದೇನೆ. ಬೇಯಾ ಇಲ್ಲೇ ಬೆಳೆಯುತ್ತಾಳೆ. ಶುಕ್ರವಾರ ಕಾರು ಕಳಿಸಬೇಡ. ಜುಲೈಯಲ್ಲಿ ನಿನ್ನ ಸಣ್ಣ ಕಣ್ಣಿನ ಜರಡಿ ಹಿಡಿದು ನೀನೇ ಬಾ, ಕಾಳು ಒಂದೇ ಸಮ ಬರುವುದು ಹೇಗೆಂದು ನನಗೆ ಹೇಳಿಕೊಡು.